ಸವಾರಿ ಕುದುರೆಗಳ ಹೊಟ್ಟೆಹುಣ್ಣು: ಅದರ ತಡೆಯೂ ಆರೈಕೆಯೂ

(ಅಣ್ಣಿಗೇರಿ ಸೀಮೆಯಲ್ಲಿ ಕುದುರೆ ಸಾಕುವವರಿಗಾಗಿ ಮಾಡಿದ ಭಾಷಣ)



ಸವಾರಿಯ ಕುದುರೆಯೊಂದು ಕೆಲವು ತಿಂಗಳಿಂದ ಮೈಯಿಳಿಯುತ್ತ ಬಂದಿದೆಯೆಂದು ಭಾವಿಸಬಹುದು. ಕಾಳನ್ನು ಮುಂದಿಟ್ಟರೆ ನಾಲ್ಕು ಬಾಯಿ ತಿಂದು ಮೋರೆ ತಿರುಗಿಸುತ್ತದೆ. ಒಣಮೇವನ್ನಾದರೋ ಮೆಲ್ಲಗೆ ತಿನ್ನುತ್ತದೆ. ಜೀನು ಹೇರಿ ಹೊಟ್ಟೆಪಟ್ಟಿಯನ್ನು ಬಿಗಿಯಹೋದರೆ ಕಿವಿಗಳನ್ನು ಹಿಂದಕ್ಕೆ ಮಲಗಿಸಿ ಕಚ್ಚಲು ಬರುತ್ತದೆ. ತಿಂದ ಮೇಲೆ ಮುಂಗಾಲಿನಿಂದ ನೆಲವನ್ನು ಕೆರೆದು, ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುತ್ತದೆ. ಮೊದಲು ಸೊಗಸಾಗಿ ಓಡುತ್ತಿದ್ದ ಪ್ರಾಣಿಯು ಈಗ ಹಿಮ್ಮಡಿಯ ಗುದ್ದಿಲ್ಲದೆ ಮುಂದೆ ಹೆಜ್ಜೆಯಿಡುವುದಿಲ್ಲ.

ಒಡೆಯನು ಇದನ್ನು ಕಂಡು ಕುದುರೆಗೆ ಸೋಮಾರಿತನ ಹಿಡಿಯಿತೆನ್ನುತ್ತಾನೆ. ಆಳು ಅದಕ್ಕೆ ಕೆಟ್ಟ ಬುದ್ಧಿ ಬಂದಿತೆನ್ನುತ್ತಾನೆ. ನೆರೆಯವನು ದೃಷ್ಟಿ ತಾಗಿತೆನ್ನುತ್ತಾನೆ. ಮೈಯಿಳಿದುದಕ್ಕೆ ಕಾಳನ್ನು ಹೆಚ್ಚಿಸುತ್ತಾರೆ. ಕಚ್ಚಿದುದಕ್ಕೆ ಚಾವಟಿಯಿಂದ ಹೊಡೆಯುತ್ತಾರೆ. ಎರಡರಿಂದಲೂ ಗುಣ ಕಾಣದಿರಲಾಗಿ ಅರ್ಧ ಬೆಲೆಗೆ ಮಾರಿಬಿಡುತ್ತಾರೆ. ಕೊಂಡವನ ಮನೆಯಲ್ಲಿಯೂ ಅದೇ ಮೇವು, ಅದೇ ಏಟು ಕಾದಿರುತ್ತವೆ. ಇಂಥಾ ಕುದುರೆಗಳಲ್ಲಿ ಎಷ್ಟೋ ಪ್ರಾಣಿಗಳಿಗೆ ಇರತಕ್ಕದ್ದು ಸೋಮಾರಿತನವೂ ಅಲ್ಲ, ದುರ್ಗುಣವೂ ಅಲ್ಲ. ಅವುಗಳ ಜಠರದ ಒಳಮೈಯಲ್ಲಿ ಹುಣ್ಣಾಗಿರುತ್ತದೆ.

ಈ ಹುಣ್ಣನ್ನು ಬಹುಮಟ್ಟಿಗೆ ತಂದುಕೊಡುವವರು ಮನುಷ್ಯರೇ. ಆದಕಾರಣ ತಡೆಯುವ ಶಕ್ತಿಯೂ ಮನುಷ್ಯರ ಕೈಯಲ್ಲಿಯೇ ಉಂಟು. ಈ ಭಾಷಣದಲ್ಲಿ ಹೇಳತಕ್ಕ ಮಾತುಗಳೆಲ್ಲವನ್ನೂ ಒಂದು ವಾಕ್ಯದಲ್ಲಿ ಅಡಕಮಾಡುವುದಾದರೆ, ಕುದುರೆಯ ಹೊಟ್ಟೆಯನ್ನು ಬರಿದಾಗಲು ಬಿಡಕೂಡದು ಎಂಬುದೇ ಅದು.

ಅಣ್ಣಿಗೇರಿಗೂ ಕುದುರೆಗೂ ಇರುವ ನಂಟು

ಅಣ್ಣಿಗೇರಿಯು ಬೆಳ್ವೊಲ ಮುನ್ನೂರರ ನಾಡಿನ ಹಳೆಯ ಪಟ್ಟಣ. ೧೨ನೆಯ ಶತಮಾನದ ಕೊನೆಯಲ್ಲಿ ಕಲ್ಯಾಣದ ಚಾಲುಕ್ಯರ ನಾಲ್ಕನೆಯ ಸೋಮೇಶ್ವರನು ಕೆಲವು ಕಾಲ ಇಲ್ಲಿಂದಲೇ ರಾಜ್ಯವಾಳಿದನು. ಅದೇ ವಂಶದ ಮೂರನೆಯ ಸೋಮೇಶ್ವರನು ಆ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಕುದುರೆಗಳ ವಿಚಾರಕ್ಕೂ, ಕುದುರೆಯನ್ನೇರಿ ಚೆಂಡಾಡುವ ವಿನೋದಕ್ಕೂ ಸ್ಥಳವುಂಟು. ಕನ್ನಡದಲ್ಲಿಯೂ ಅಭಿನವಚಂದ್ರನೆಂಬ ಕವಿಯು ಕುದುರೆಗಳ ವೈದ್ಯವನ್ನೇ ವಿಷಯವಾಗಿಟ್ಟುಕೊಂಡು ಗ್ರಂಥವನ್ನು ಬರೆದನು. ಕುದುರೆಯ ಆರೋಗ್ಯವು ವಿಚಾರಮಾಡತಕ್ಕ ವಿಷಯವೆಂಬುದು ಈ ನಾಡಿಗೆ ಹೊಸ ಮಾತಲ್ಲ.

ಅರಸರ ಅಶ್ವದಳಗಳು ಹೋಗಿ ಬಹುಕಾಲವಾಯಿತು. ಬಸ್ಸೂ ಮೋಟಾರೂ ಬಂದ ಮೇಲೆ ಟಾಂಗಾಗಳೂ ಬಹುಮಟ್ಟಿಗೆ ಮರೆಯಾದವು. ಆದರೂ ಉತ್ತರ ಕರ್ನಾಟಕದಲ್ಲಿ ಕುದುರೆಯು ಪೂರಾ ಕಣ್ಮರೆಯಾಗಿಲ್ಲ. ಮದುವೆಯ ಮೆರವಣಿಗೆಯಲ್ಲಿ ವರನನ್ನು ಹೊರುವ ಕುದುರೆಯುಂಟು. ಜಾತ್ರೆ ಉತ್ಸವಗಳಲ್ಲಿ ಸಿಂಗರಿಸಿ ನಡೆಯಿಸುವ ಕುದುರೆಯುಂಟು. ಕುರಿಹಿಂಡಿನೊಡನೆ ಊರೂರು ಅಲೆಯುವ ಕುರಿಗಾರರ ಗಂಟುಮೂಟೆಗಳನ್ನು ಹೊರುವ ತಟ್ಟುಗಳುಂಟು. ಹವ್ಯಾಸಕ್ಕಾಗಿ ಸವಾರಿ ಕಲಿಯುವವರೂ ಉಂಟು. ಇವುಗಳಲ್ಲಿ ಬಯಲಲ್ಲಿ ಮೇಯುತ್ತ ನಡೆಯುವ ಕುರಿಗಾರನ ತಟ್ಟಿಗೆ ಈ ರೋಗದ ಭಯ ಕಡಿಮೆ. ಲಾಯದಲ್ಲಿ ಕಟ್ಟಿ, ಕಾಳು ತಿನ್ನಿಸಿ, ಮೈ ಮಿರುಗುವಂತೆ ಉಜ್ಜಿ ಸಾಕಿದ ಸವಾರಿ ಕುದುರೆಗೇ ಭಯ ಹೆಚ್ಚು. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಕುದುರೆಯ ಜಠರದ ರಚನೆಯನ್ನು ತಿಳಿಯಬೇಕು.

ಕುದುರೆಯ ಜಠರ

ಎತ್ತು ಎಮ್ಮೆಗಳಿಗೆ ಜಠರವು ನಾಲ್ಕು ಕೋಣೆಗಳುಳ್ಳದ್ದಾಗಿದೆ. ಅವು ಬೇಗ ಬೇಗ ಮೇವನ್ನು ನುಂಗಿ, ನೆರಳಿನಲ್ಲಿ ಮಲಗಿ, ನಿಧಾನವಾಗಿ ಮೆಲುಕುಹಾಕುತ್ತವೆ. ಕುದುರೆಗೆ ಮೆಲುಕಿಲ್ಲ, ಅದಕ್ಕೆ ಇರತಕ್ಕದ್ದು ಒಂದೇ ಕೋಣೆಯ ಸಣ್ಣ ಜಠರ. ಐದು ಕ್ವಿಂಟಾಲು ತೂಗುವ ದೊಡ್ಡ ಕುದುರೆಗೂ ಅದು ಎಂಟರಿಂದ ಹದಿನೈದು ಲೀಟರು ಮಾತ್ರ ಹಿಡಿಯುತ್ತದೆ. ಬಯಲಲ್ಲಿ ಬಿಟ್ಟ ಕುದುರೆಯು ಹಗಲಿರುಳೆನ್ನದೆ ದಿನಕ್ಕೆ ಸುಮಾರು ೧೬ ಗಂಟೆಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಆ ಪದ್ಧತಿಗೆ ತಕ್ಕಂತೆಯೇ ಅದರ ಜಠರವು ಏರ್ಪಟ್ಟಿದೆ.

ಮನುಷ್ಯನ ಜಠರದಲ್ಲಿ ಆಮ್ಲವು ಮುಖ್ಯವಾಗಿ ಊಟದ ಹೊತ್ತಿಗೆ ಹೆಚ್ಚಾಗಿ ಒಸರುತ್ತದೆ. ಕುದುರೆಯ ಜಠರದಲ್ಲಾದರೋ ಮೇವು ಇರಲಿ ಇಲ್ಲದಿರಲಿ ಆಮ್ಲವು ಎಡೆಬಿಡದೆ ಒಸರುತ್ತಲೇ ಇರುತ್ತದೆ. ಈ ಆಮ್ಲದ ಉರಿಯನ್ನು ತಗ್ಗಿಸತಕ್ಕದ್ದು ಜೊಲ್ಲು. ಜೊಲ್ಲಿನಲ್ಲಿ ಕ್ಷಾರಗುಣವುಂಟು. ಆದರೆ ಕುದುರೆಗೆ ಜೊಲ್ಲು ಧಾರಾಳವಾಗಿ ಬರುವುದು ಅಗಿಯುವಾಗ ಮಾತ್ರ. ಬಾಯಿ ನಿಂತರೆ ಜೊಲ್ಲೂ ನಿಲ್ಲುತ್ತದೆ. ಆಮ್ಲವು ಮಾತ್ರ ನಿಲ್ಲುವುದಿಲ್ಲ. ರೋಗದ ಬೀಜವು ಇಲ್ಲಿಯೇ ಇದೆ.

ಒಂದು ಕಿಲೋ ಒಣಹುಲ್ಲನ್ನು ತಿನ್ನಲು ಕುದುರೆಗೆ ಸುಮಾರು ೪೦ ನಿಮಿಷ ಬೇಕು. ಒಂದು ಕಿಲೋ ಕಾಳನ್ನು ಅದು ಸುಮಾರು ೧೦ ನಿಮಿಷಗಳಲ್ಲಿ ಮುಗಿಸಿಬಿಡುತ್ತದೆ. ಹುಲ್ಲಿನೊಡನೆ ಬರುವ ಜೊಲ್ಲಿನ ಅರ್ಧದಷ್ಟು ಮಾತ್ರ ಕಾಳಿನೊಡನೆ ಬರುತ್ತದೆ. ಆದ್ದರಿಂದ ಕಾಳಿನಿಂದ ಹೊಟ್ಟೆ ತುಂಬಿಸಿದ ಕುದುರೆಯು ತೂಕದ ಲೆಕ್ಕದಲ್ಲಿ ಉಂಡಂತೆ ಕಂಡರೂ ಅಗಿತದ ಲೆಕ್ಕದಲ್ಲಿ ಉಪವಾಸವಿದ್ದಂತೆಯೇ ಸರಿ.

ಜಠರದ ಒಳಮೈಯು ಎರಡು ಬಗೆಯಾಗಿದೆ. ಕೆಳಗಿನ ಭಾಗದಲ್ಲಿ ಆಮ್ಲವನ್ನು ಒಸರಿಸುವ ಗ್ರಂಥಿಗಳಿವೆ. ಅಲ್ಲಿ ಲೋಳೆಯ ಹೊದಿಕೆಯೊಂದು ಒಳಮೈಯನ್ನು ಕಾಯುತ್ತದೆ. ಮೇಲಿನ ಮೂರನೆಯ ಒಂದು ಭಾಗದಲ್ಲಿ ಗ್ರಂಥಿಗಳಿಲ್ಲ, ಆ ಹೊದಿಕೆಯೂ ಇಲ್ಲ. ಅದು ಅನ್ನನಾಳದ ಒಳಮೈಯಂತೆ ಬರಿಯ ಚರ್ಮವಿದ್ದ ಹಾಗೆ. ಜಠರದಲ್ಲಿ ನಾರುಮೇವು ತುಂಬಿರುವಾಗ ಅದು ನೀರಿನ ಮೇಲಣ ಚಾಪೆಯಂತೆ ನಿಂತು ಆಮ್ಲವನ್ನು ಕೆಳಗೇ ತಡೆದಿರುತ್ತದೆ. ಜಠರವು ಬರಿದಾದಾಗ ಕುದುರೆಯನ್ನು ಓಡಿಸಿದರೆ, ಹೊಟ್ಟೆಯ ಸ್ನಾಯುಗಳು ಬಿಗಿದು ಜಠರವನ್ನು ಹಿಂಡಿದಂತಾಗಿ, ಆಮ್ಲವು ಮೇಲಕ್ಕೆ ಚಿಮ್ಮಿ ಆ ಬರಿಯ ಚರ್ಮವನ್ನು ಸುಡುತ್ತದೆ. ನಡಿಗೆಯಲ್ಲಿ ಈ ಒತ್ತಡವು ಕಡಿಮೆ; ಕುಕ್ಕುಲೋಟದಲ್ಲಿಯೂ ನಾಗಾಲೋಟದಲ್ಲಿಯೂ ಬಹಳ ಹೆಚ್ಚು. ಇದು ೨೦೦೨ರಲ್ಲಿ ಪ್ರಕಟವಾದ ಪ್ರಯೋಗದಿಂದ ಸ್ಪಷ್ಟಪಟ್ಟಿತು.

ಲೋಕಾನುಭವ

ಈ ರೋಗದ ವ್ಯಾಪ್ತಿಯು ತಿಳಿದುಬಂದದ್ದು ಈಚೆಗೆ. ೧೯೮೬ರಲ್ಲಿ ಹಾಂಗ್‌ಕಾಂಗಿನ ಜೂಜುಕುದುರೆಗಳ ಶವಪರೀಕ್ಷೆಯ ವಿವರವು ಪ್ರಕಟವಾದಾಗ, ಸುಮಾರು ಮೂರರಲ್ಲಿ ಎರಡು ಪಾಲು ಕುದುರೆಗಳಿಗೆ ಜಠರದ ಹುಣ್ಣಿತ್ತೆಂದು ತಿಳಿದು ವೈದ್ಯರೇ ಬೆರಗಾದರು. ಮೂರು ಮೀಟರು ಉದ್ದದ ಎಂಡೋಸ್ಕೋಪನ್ನು ಮೂಗಿನ ಮೂಲಕ ಇಳಿಸಿ ಜೀವಂತ ಕುದುರೆಯ ಜಠರವನ್ನು ಕಣ್ಣಾರೆ ನೋಡುವ ಕ್ರಮವು ಬಳಕೆಗೆ ಬಂದ ಮೇಲೆ, ಓಟಕ್ಕೆ ಪಳಗಿಸುವ ಕುದುರೆಗಳಲ್ಲಿ ಬಹುಪಾಲು ಈ ರೋಗಕ್ಕೆ ತುತ್ತಾಗಿವೆಯೆಂದೂ, ವಿನೋದ ಸವಾರಿಯ ಕುದುರೆಗಳೂ ಇದಕ್ಕೆ ಹೊರತಲ್ಲವೆಂದೂ ಕಂಡುಬಂದಿತು.

೧೯೯೬ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕುದುರೆಗಳಿಗೆ ಒಂದು ದಿನ ಮೇವು, ಒಂದು ದಿನ ಉಪವಾಸ, ಹೀಗೆ ಸರದಿಯಂತೆ ನಡೆಸಿ ಒಟ್ಟು ೯೬ ಗಂಟೆ ಉಪವಾಸವಿಡಲಾಯಿತು. ಅಷ್ಟರಿಂದಲೇ ಹುಣ್ಣುಗಳೆದ್ದವು. ೨೦೦೯ರಲ್ಲಿ ಡೆನ್ಮಾರ್ಕ್ ದೇಶದಲ್ಲಿ ೨೦೧ ಕುದುರೆಗಳನ್ನು ಪರೀಕ್ಷಿಸಿದ ವಿವರವು ಪ್ರಕಟವಾಯಿತು. ಅದರಲ್ಲಿ ನಾಲ್ಕು ಸಂಗತಿಗಳು ಹುಣ್ಣಿನ ಸಂಭವವನ್ನು ಹೆಚ್ಚಿಸುತ್ತವೆಂದು ಕಂಡಿತು: ಒಂದು ಮೇವಿಗೂ ಇನ್ನೊಂದು ಮೇವಿಗೂ ನಡುವೆ ಆರು ಗಂಟೆಗೂ ಮೀರಿದ ಬಿಡುವು, ಕಾಳು ತೆಗೆದ ಒಣದಂಟು ಹುಲ್ಲೊಂದನ್ನೇ ಮೇವಾಗಿ ಕೊಡುವುದು, ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಎರಡು ಗ್ರಾಮಿಗಿಂತ ಹೆಚ್ಚು ಪಿಷ್ಟ, ಬಿಟ್ಟ ಕಡೆಯಲ್ಲಿ ಕುಡಿಯಲು ನೀರಿಲ್ಲದಿರುವುದು. ಡೆನ್ಮಾರ್ಕ್ ದೂರದ ಶೀತದೇಶವಾದರೂ ಈ ನಾಲ್ಕು ದೋಷಗಳು ಅಣ್ಣಿಗೇರಿಯ ಲಾಯಕ್ಕೂ ಅಪರಿಚಿತವಲ್ಲ.

ಮನುಷ್ಯರ ಹೊಟ್ಟೆಹುಣ್ಣಿಗೆ ಒಂದು ಸೂಕ್ಷ್ಮಾಣುವು ಮುಖ್ಯ ಕಾರಣವೆಂದು ೧೯೮೦ರ ದಶಕದಲ್ಲಿ ಕಂಡುಹಿಡಿದವರಿಗೆ ೨೦೦೫ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಕುದುರೆಗಳ ವಿಷಯದಲ್ಲಿ ಅಂಥಾ ಸೂಕ್ಷ್ಮಾಣುವೇ ಕಾರಣವೆಂಬುದು ಸಿದ್ಧಪಟ್ಟಿಲ್ಲ. ಆದಕಾರಣ ಮನುಷ್ಯರಿಗೆ ಗುಣವಾದ ಔಷಧಿಗಳ ಚೀಟಿಯನ್ನೇ ಕುದುರೆಗೂ ಅನ್ವಯಿಸಕೂಡದು.

ಲಕ್ಷಣಗಳು

ಹುಣ್ಣಾದ ಕುದುರೆಗಳೆಲ್ಲವೂ ಒಂದೇ ಬಗೆಯಾಗಿ ತೋರುವುದಿಲ್ಲ. ಕೆಲವು ಏನನ್ನೂ ತೋರುವುದಿಲ್ಲ. ಆದರೂ ಈ ಕೆಳಗಣ ಚಿಹ್ನೆಗಳನ್ನು ಕಂಡಾಗ ಸಂದೇಹಪಡತಕ್ಕದ್ದು. ಕಾಳನ್ನು ಬಿಟ್ಟು ಒಣಮೇವನ್ನೇ ಅರಸುವುದು, ಮೈಯಿಳಿಯುವುದು, ಕೂದಲು ಹೊಳಪುಗುಂದುವುದು, ತಿಂದ ಮೇಲೆ ಆಗಾಗ್ಗೆ ಸಣ್ಣ ಪ್ರಮಾಣದ ಹೊಟ್ಟೆನೋವು, ಹೊಟ್ಟೆಪಟ್ಟಿ ಬಿಗಿಯುವಾಗ ಸಿಡುಕು, ಓಟದಲ್ಲಿ ಹಿಂಜರಿತ, ಸ್ವಭಾವದಲ್ಲಿ ಬದಲಾವಣೆ. ಮರಿಗಳಾದರೆ ಹಲ್ಲು ಕಡಿಯುವುದು, ಜೊಲ್ಲು ಸುರಿಸುವುದು, ಬೆನ್ನಮೇಲೆ ಹೊರಳಿ ಮಲಗುವುದು ಉಂಟು. ಮರಿಗಳ ಹುಣ್ಣು ಬೇಗ ವಿಷಮಿಸುವುದರಿಂದ ವೈದ್ಯರನ್ನು ಕರೆಯುವುದರಲ್ಲಿ ಒಂದು ದಿನವೂ ತಡಮಾಡಕೂಡದು.

ಈ ಚಿಹ್ನೆಗಳೇ ಬೇರೆ ರೋಗಗಳಲ್ಲಿಯೂ ತೋರುತ್ತವೆ. ಹಲ್ಲಿನ ಅಂಚು ಮೊನಚಾಗಿ ಕೆನ್ನೆಯನ್ನು ಕೊರೆಯುತ್ತಿದ್ದರೂ ಕುದುರೆಯು ಕಾಳನ್ನು ಬಿಡುತ್ತದೆ. ಹೊಟ್ಟೆಯಲ್ಲಿ ಹುಳುವಿದ್ದರೂ ಮೈಯಿಳಿಯುತ್ತದೆ. ಕುದುರೆಯ ಕಾಲು ಹೆಗಲುಗಳ ಕೂದಲಿಗೆ ಹಳದಿ ಮೊಟ್ಟೆಗಳನ್ನಂಟಿಸುವ ನೊಣದ ಹುಳುಗಳು ಜಠರದ ಗೋಡೆಯನ್ನೇ ಕಚ್ಚಿ ಹಿಡಿದಿರುತ್ತವೆ. ಜೀನು ಅಳತೆಗೆ ಸರಿಯಿಲ್ಲದಿದ್ದರೂ ಬಿಗಿಯುವಾಗ ಕಚ್ಚುತ್ತದೆ. ಆದುದರಿಂದ ಮೊದಲು ಹಲ್ಲು, ಹುಳು, ಜೀನು ಈ ಮೂರನ್ನೂ ನೋಡಿಸತಕ್ಕದ್ದು. ಲದ್ದಿಯಲ್ಲಿ ರಕ್ತವನ್ನು ಹುಡುಕಿ ಹುಣ್ಣನ್ನು ನಿಶ್ಚಯಿಸಲಾಗದು. ಖಚಿತವಾಗಿ ತಿಳಿಯುವ ಮಾರ್ಗವು ಎಂಡೋಸ್ಕೋಪು ಒಂದೇ. ಆ ಪರೀಕ್ಷೆಗಾಗಿ ಮಾತ್ರ, ವೈದ್ಯರು ಹೇಳಿದಷ್ಟು ಗಂಟೆ ಕುದುರೆಯನ್ನು ಉಪವಾಸವಿಡಬೇಕಾಗುತ್ತದೆ.

ಹೊರಳಾಟ, ಬೆವರು, ಲದ್ದಿ ನಿಲ್ಲುವುದು ಇವುಗಳಿಂದ ಕೂಡಿದ ತೀವ್ರ ಹೊಟ್ಟೆಶೂಲೆಯು ಹುಣ್ಣಿನದೆಂದು ಭಾವಿಸಿ ಮನೆಮದ್ದು ಮಾಡುತ್ತ ಕೂಡಬಾರದು. ಅದು ಕರುಳು ತೊಡರಿದ್ದರ ಗುರುತಾಗಿರಬಹುದು; ಒಡನೆಯೇ ಪಶುವೈದ್ಯರನ್ನು ಕರೆಯಿಸಬೇಕು.

ಮೆರವಣಿಗೆಯ ಕುದುರೆಯ ಒಂದು ದಿನ

ಮದುವೆಯ ಕಾಲದಲ್ಲಿ ಮೆರವಣಿಗೆಯ ಕುದುರೆಯ ದಿನಚರಿಯನ್ನು ಗಮನಿಸಿದರೆ ರೋಗದ ಕಾರಣಗಳೆಲ್ಲವೂ ಒಂದೇ ಕಡೆ ಕಾಣಸಿಗುತ್ತವೆ. ಬೆಳಿಗ್ಗೆ ಒಂದು ದೊಡ್ಡ ಪಾತ್ರೆಯ ತುಂಬ ನೆನೆಸಿದ ಕಡಲೆ ಇಲ್ಲವೇ ಬೇಯಿಸಿದ ಹುರುಳಿಯನ್ನು ತಿನ್ನಿಸುತ್ತಾರೆ. ಆಮೇಲೆ ಮೈತೊಳೆದು, ಸಿಂಗರಿಸಿ, ವಾಹನದಲ್ಲಿ ನಿಲ್ಲಿಸಿ ಹುಬ್ಬಳ್ಳಿಗೋ ಗದಗಕ್ಕೋ ಒಯ್ಯುತ್ತಾರೆ. ಮಧ್ಯಾಹ್ನದಿಂದ ಬಿಸಿಲಿನಲ್ಲಿ ಕಾಯುತ್ತದೆ. ಬಾಯಲ್ಲಿ ಕಡಿವಾಣವಿರುವುದರಿಂದ ತಿನ್ನಲು ಆಗದು. ಮೆರವಣಿಗೆಯ ನಡುವೆ ಲದ್ದಿ ಹಾಕೀತೆಂಬ ಹೆದರಿಕೆಯಿಂದ ಮೇವನ್ನೂ ನೀರನ್ನೂ ಕೊಡುವುದಿಲ್ಲ. ಸಂಜೆಗೆ ವಾದ್ಯಗಳ ಅಬ್ಬರ, ಪಟಾಕಿಯ ಸದ್ದು, ದೀಪಗಳ ಝಗಝಗಿಕೆ. ನಡುರಾತ್ರಿ ಊರಿಗೆ ಮರಳಿದ ಮೇಲೆ ದಣಿದ ಕುದುರೆಗೆ ಮತ್ತೆ ಒಂದು ಪಾತ್ರೆ ಕಾಳು. ಲಗ್ನಗಳು ಸಾಲಾಗಿ ಬಂದರೆ ಮಾರನೆಯ ದಿನವೂ ಹೀಗೆಯೇ.

ಬೆಳಗಿನಿಂದ ನಡುರಾತ್ರಿಯವರೆಗೆ ಹದಿನೈದು ಹದಿನಾರು ಗಂಟೆ ಆ ಪ್ರಾಣಿಯು ಅಗಿದದ್ದು ಕಾಲು ಗಂಟೆ ಮಾತ್ರ. ಸಾಗಣೆ, ಹೊಸ ಸ್ಥಳ, ಲಾಯದ ಕಟ್ಟು, ಸ್ವಲ್ಪ ವ್ಯಾಯಾಮ ಇವಿಷ್ಟರಿಂದಲೇ ಐದು ದಿನಗಳೊಳಗೆ ಹುಣ್ಣುಗಳೇಳಬಹುದೆಂದು ೨೦೦೫ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿದೆ. ಹೀಗಿರುವಾಗ ಒಂದು ಮದುವೆಯ ಕಾಲವು ಮುಗಿಯುವ ಹೊತ್ತಿಗೆ ಕುದುರೆಯು ಕಚ್ಚಲು ಕಲಿತರೆ ಆಶ್ಚರ್ಯವೇನು? ಆ ಕುದುರೆಯ ದುಡಿಮೆಯಿಂದಲೇ ಒಡೆಯನ ಮನೆಯ ಒಲೆಯೂ ಉರಿಯಬೇಕಾಗಿದೆ. ಕುದುರೆಯ ಹೊಟ್ಟೆ ಕೆಟ್ಟರೆ ಮನೆಯವರ ಹೊಟ್ಟೆಗೂ ಸಂಚಕಾರವೇ.

ಮೇವಿನ ಕ್ರಮ

ಕುದುರೆಯೊಂದಕ್ಕೆ ಮೈತೂಕದ ಪ್ರತಿ ನೂರು ಕಿಲೋಗೆ ದಿನಕ್ಕೆ ಕನಿಷ್ಠ ಒಂದೂವರೆ ಕಿಲೋ ತೇವ ಕಳೆದ ನಾರುಮೇವು ಬೇಕು. ೩೦೦ ಕಿಲೋ ತೂಗುವ ಕುದುರೆಗೆ ಐದು ಕಿಲೋಗೆ ಕಡಿಮೆಯಿಲ್ಲದಂತೆ ಒಣಮೇವನ್ನು ಗೊತ್ತುಮಾಡತಕ್ಕದ್ದು; ಆರು ಕಿಲೋ ಆದರೆ ಉತ್ತಮ. ಇದನ್ನು ಎರಡೇ ಸಲಕ್ಕೆ ಹಾಕಿ ಮುಗಿಸದೆ ನಾಲ್ಕೈದು ಪಾಲು ಮಾಡಿ, ಯಾವ ಎರಡು ಪಾಲಿನ ನಡುವೆಯೂ ನಾಲ್ಕೈದು ಗಂಟೆಗಳಿಗಿಂತ ಹೆಚ್ಚಿನ ಬಿಡುವಿರದಂತೆ ಹಂಚಬೇಕು. ರಾತ್ರಿಯು ದೀರ್ಘವಾದುದರಿಂದ ರಾತ್ರಿಯ ಪಾಲು ಎಲ್ಲಕ್ಕಿಂತ ದೊಡ್ಡದಾಗಿರಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ ಮೇವನ್ನು ತುಂಬಿ, ಕಾಲು ಸಿಕ್ಕದಷ್ಟು ಎತ್ತರದಲ್ಲಿ ಕಟ್ಟಿದರೆ ಕುದುರೆಯು ಎಳೆದೆಳೆದು ನಿಧಾನವಾಗಿ ತಿನ್ನುತ್ತದೆ. ಮೇವು ತುಳಿದು ಹಾಳಾಗುವುದೂ ತಪ್ಪುತ್ತದೆ.

ಈ ಎರೆಭೂಮಿಯ ಸೀಮೆಯಲ್ಲಿ ಹೇರಳವಾಗಿ ಸಿಕ್ಕತಕ್ಕ ಒಣಮೇವು ಬಿಳಿಜೋಳದ ಕಣಕಿ. ಅದು ಎತ್ತುಗಳಿಗೆ ಒಳ್ಳೆಯದು, ಕುದುರೆಗೂ ಕೊಡಬಹುದು. ಆದರೆ ಅದೊಂದನ್ನೇ ಕೊಡಕೂಡದು. ಅದರಲ್ಲಿ ಸಸಾರಜನಕವೂ ಸುಣ್ಣದ ಅಂಶವೂ ಕಡಿಮೆ, ದಂಟು ಬಿರುಸು. ಎಲೆ ಹೆಚ್ಚಾಗಿರುವ ಕಣಕಿಯನ್ನು ಆರಿಸಿ, ಸಣ್ಣಗೆ ಕತ್ತರಿಸಿ, ಅದರೊಡನೆ ಒಣಗಿಸಿದ ಹಸುರು ಹುಲ್ಲನ್ನೂ ದ್ವಿದಳ ಬೆಳೆಗಳ ಮೇವನ್ನೂ ಬೆರೆಸಬೇಕು. ಮುಂಗಾರಿನ ಹೆಸರು, ಹಿಂಗಾರಿನ ಕಡಲೆ ಈ ಎರಡೂ ಅಣ್ಣಿಗೇರಿಯ ಹೊಲಗಳ ಬೆಳೆಗಳೇ. ಒಕ್ಕಣೆಯಾದ ಮೇಲೆ ಉಳಿಯುವ ಹೆಸರಿನ ಹೊಟ್ಟೂ, ಸುತ್ತಲ ಮಸಾರಿ ಭೂಮಿಯಿಂದ ಬರುವ ಶೇಂಗಾದ ಒಣಬಳ್ಳಿಯೂ ಸುಣ್ಣದ ಅಂಶದಲ್ಲಿ ಕಣಕಿಗಿಂತ ಮೇಲು. ಆದರೆ ಇವುಗಳಲ್ಲಿ ಮಣ್ಣೂ ಬೂಸಲೂ ಇರಕೂಡದು. ಮಣ್ಣನ್ನು ಕೊಡವಿ, ಬೂಸಲು ವಾಸನೆಯಿದ್ದರೆ ತಿಪ್ಪೆಗೆ ಹಾಕಬೇಕು. ಮಳೆಗೆ ನೆನೆದು ಕಪ್ಪಾದ ಶೇಂಗಾ ಬಳ್ಳಿಯು ಕುದುರೆಗೆ ವಿಷಕ್ಕೆ ಸಮಾನ.

ಹಸಿ ಜೋಳದ ವಿಷಯದಲ್ಲಿ ಎಚ್ಚರಿಕೆ ಬೇಕು. ಎಳೆಯ ಜೋಳದಲ್ಲಿಯೂ, ಮಳೆಯಿಲ್ಲದೆ ಬಾಡಿದ ಜೋಳದಲ್ಲಿಯೂ, ಕೊಯ್ದ ಕೂಳೆಯ ಚಿಗುರಿನಲ್ಲಿಯೂ ವಿಷಾಂಶವಿರುತ್ತದೆ. ಇದರಿಂದ ದನಗಳು ಸಾಯುವುದನ್ನು ರೈತರು ಬಲ್ಲರು. ಕುದುರೆಗಳಿಗೆ ಹಸಿ ಜೋಳದ ಮೇಯಿಕೆಯಿಂದ ಮೂತ್ರಕೋಶವು ಕೆಡುವ, ಹಿಂಗಾಲು ಜೋಲುವ ರೋಗವೂ ಬರುತ್ತದೆ. ಆದಕಾರಣ ಅವುಗಳನ್ನು ಹಸಿ ಜೋಳದ ಹೊಲಕ್ಕೆ ಬಿಡಲೇಕೂಡದು.

ದ್ವಿದಳ ಮೇವುಗಳಲ್ಲಿ ಈ ರೋಗಕ್ಕೆ ಶ್ರೇಷ್ಠವಾದುದು ಲೂಸರ್ನ್ ಸೊಪ್ಪು. ಕನ್ನಡದಲ್ಲಿ ಇದಕ್ಕೆ ಕುದುರೆಮಸಾಲೆಯೆಂದೇ ಹೆಸರು. ಇದರಲ್ಲಿರುವ ಸುಣ್ಣವೂ ಸಸಾರಜನಕವೂ ಆಮ್ಲದ ಉರಿಯನ್ನು ತಗ್ಗಿಸುತ್ತವೆ. ಇದನ್ನು ತಿಂದ ಕುದುರೆಗಳಲ್ಲಿ, ಬರಿಯ ಹುಲ್ಲು ತಿಂದವುಗಳಿಗಿಂತ ಹುಣ್ಣು ಕಡಿಮೆಯೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ನೀರಾವರಿಯ ಅನುಕೂಲವಿದ್ದವರು ಒಂದೆರಡು ಗುಂಟೆಯಲ್ಲಿ ಇದನ್ನು ಬೆಳೆಸಿದರೆ ಒಂದು ಕುದುರೆಗೆ ವರ್ಷದ ಹಲವು ತಿಂಗಳು ಸಾಕಾಗುತ್ತದೆ. ಒಟ್ಟು ಮೇವಿನ ನಾಲ್ಕರಲ್ಲಿ ಒಂದು ಪಾಲು ಮೀರದಂತೆ, ಹೊಸದಾಗಿ ಕೊಡುವಾಗ ಹತ್ತು ಹನ್ನೆರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಕೊಡಬೇಕು.

ಕಾಳಿನ ಅಳತೆ

ಕಾಳೇ ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ಕೆಲಸ ಮಾಡುವ ಕುದುರೆಗೆ ಕಾಳು ಬೇಕು. ಆದರೆ ಮಿತಿಯು ಬೇಕು. ಒಂದು ಸಲಕ್ಕೆ ಮೈತೂಕದ ಪ್ರತಿ ಕಿಲೋಗೆ ಒಂದು ಗ್ರಾಮು, ದಿನಕ್ಕೆ ಎರಡು ಗ್ರಾಮು, ಇದು ಪಿಷ್ಟದ ಮೇಲುಗೆರೆ. ೩೦೦ ಕಿಲೋ ಕುದುರೆಗೆ ಒಂದು ಸಲಕ್ಕೆ ೩೦೦ ಗ್ರಾಮು ಪಿಷ್ಟವೆಂದಾಯಿತು. ಕಡಲೆಯಲ್ಲಿ ನೂರಕ್ಕೆ ಸುಮಾರು ೪೦ ಪಾಲು ಪಿಷ್ಟವಿರುವುದರಿಂದ ಅದು ಮುಕ್ಕಾಲು ಕಿಲೋ ಕಡಲೆಗೆ ಸಮ. ಜೋಳದಲ್ಲಿ ನೂರಕ್ಕೆ ೬೫ ಪಾಲಿಗೂ ಮೀರಿ ಪಿಷ್ಟವಿರುವುದರಿಂದ ನಾನೂರೈವತ್ತು ಗ್ರಾಮಿಗೇ ಮಿತಿ ಮುಟ್ಟುತ್ತದೆ. ಮೈಯಿಳಿದ ಕುದುರೆಗೆ ಜೋಳವನ್ನೋ ಗೋಧಿಯನ್ನೋ ಸೇರುಗಟ್ಟಲೆ ಸುರಿಯುವವರು ಉರಿಯುವ ಮನೆಗೆ ಸೌದೆ ಒಟ್ಟಿದಂತೆ ಮಾಡುತ್ತಾರೆ. ಕಾಳು ಜಠರದಲ್ಲಿ ಹುದುಗಿದಾಗ ಹುಟ್ಟುವ ಆಮ್ಲಗಳು ಮೊದಲೇ ಇದ್ದ ಆಮ್ಲದೊಡನೆ ಸೇರಿ ಒಳಚರ್ಮವನ್ನು ಮತ್ತಷ್ಟು ಕೆಡಿಸುತ್ತವೆ.

ಕಾಳನ್ನು ದಿನಕ್ಕೆ ಮೂರು ಸಣ್ಣ ಪಾಲಾಗಿ, ಒಣಮೇವು ತಿಂದ ಮೇಲೆ, ಕತ್ತರಿಸಿದ ಮೇವಿನೊಡನೆ ಬೆರೆಸಿ ಕೊಡುವುದು ಉತ್ತಮ. ಖಾರ, ಮೆಣಸು, ಬೆಲ್ಲ ಮೊದಲಾದವನ್ನು ಅರೆದು ಉಂಡೆಕಟ್ಟಿ ತಿನ್ನಿಸುವ ಹಳೆಯ ರೂಢಿಯನ್ನು ಹುಣ್ಣಿನ ಸಂದೇಹವಿರುವ ಕುದುರೆಯಲ್ಲಿ ಸರ್ವಥಾ ಬಿಡತಕ್ಕದ್ದು.

ನೀರು

ನೀರು ಯಾವಾಗಲೂ ಕುದುರೆಯ ಬಾಯಿಗೆ ನಿಲುಕುವಂತಿರಬೇಕು. ಎರೆಭೂಮಿಯ ಹಲವು ಊರುಗಳಲ್ಲಿ ಬಾವಿಯ ನೀರು ಸವಳು. ಕುದುರೆಯು ಅಂಥಾ ನೀರನ್ನು ಮೂಸಿ ಬಿಟ್ಟುಬಿಡುತ್ತದೆ. ಬಾನಿಯಲ್ಲಿ ನೀರು ತುಂಬಿದೆಯೆಂದು ಒಡೆಯನು ತಿಳಿದಿರುತ್ತಾನೆ. ಕುದುರೆಯು ಬಾಯಾರಿಯೇ ಇರುತ್ತದೆ. ಆದಕಾರಣ ತುಂಬಿದ್ದೆಷ್ಟು ಎಂಬುದನ್ನಲ್ಲ, ಕುಡಿದದ್ದೆಷ್ಟು ಎಂಬುದನ್ನು ನೋಡಬೇಕು. ಬೆವರಿದ ಕುದುರೆಗೆ ಉಪ್ಪಿನ ಗಟ್ಟಿ ಲೇಹವನ್ನು ಬರಿಹೊಟ್ಟೆಯಲ್ಲಿ ನೆಕ್ಕಿಸಿದರೆ ಹುಣ್ಣು ಹೆಚ್ಚುತ್ತದೆ; ಉಪ್ಪನ್ನು ಮೇವಿನೊಡನೆಯೇ ಕೊಡಬೇಕು.

ಸವಾರಿಯ ಕ್ರಮ

ಬರಿಹೊಟ್ಟೆಯ ಕುದುರೆಯನ್ನು ಓಡಿಸಕೂಡದು. ಜೀನು ಹೇರುವುದಕ್ಕೆ ಅರ್ಧ ಗಂಟೆ ಮುಂಚೆ ಎರಡು ಮೂರು ಹಿಡಿ ಕುದುರೆಮಸಾಲೆ ಸೊಪ್ಪನ್ನೋ ಕತ್ತರಿಸಿದ ಒಳ್ಳೆಯ ಹುಲ್ಲನ್ನೋ ತಿನ್ನಿಸಿದರೆ ಹಿಂದೆ ಹೇಳಿದ ಚಾಪೆಯು ಜಠರದಲ್ಲಿ ಹರಡಿಕೊಳ್ಳುತ್ತದೆ. ಆದರೆ ಹೊಟ್ಟೆತುಂಬ ಕಾಳು ತಿಂದ ಕುದುರೆಯನ್ನು ಒಡನೆಯೇ ಓಡಿಸುವುದೂ ತಪ್ಪೇ. ಅದು ಬೇರೊಂದು ಬಗೆಯ ಹೊಟ್ಟೆಶೂಲೆಗೆ ಕಾರಣವಾಗುತ್ತದೆ.

ಮೆರವಣಿಗೆಗೆ ಹೋಗುವಾಗ ಮೇವಿನ ಬಲೆಯನ್ನೂ ನೀರಿನ ಕೊಡವನ್ನೂ ಜೊತೆಯಲ್ಲಿ ಒಯ್ಯತಕ್ಕದ್ದು. ವಾಹನದಲ್ಲಿ ಸಾಗುವಾಗಲೂ ಬಲೆಯು ಕುದುರೆಯ ಮುಂದಿರಬೇಕು. ಕಾಯುವ ಹೊತ್ತಿನಲ್ಲಿ ಕಡಿವಾಣವನ್ನು ಕಳಚಿ, ನೆರಳಿನಲ್ಲಿ ನಿಲ್ಲಿಸಿ, ಮೇಯಲು ಬಿಡಬೇಕು. ಲದ್ದಿಯ ಹೆದರಿಕೆಯಿದ್ದರೆ ಒಂದು ಬುಟ್ಟಿಯೂ ಸಲಿಕೆಯೂ ಸಾಕು. ಅದಕ್ಕಾಗಿ ಪ್ರಾಣಿಯನ್ನು ಉಪವಾಸ ಕೆಡಹುವುದು ನ್ಯಾಯವಲ್ಲ. ಬಾಡಿಗೆಗೆ ಕರೆಯುವ ಗೃಹಸ್ಥರೂ ಇದನ್ನು ಅರಿತು, ಕುದುರೆಯು ಮೇಯುವ ಅರ್ಧ ಗಂಟೆಗೆ ತಾಳ್ಮೆ ತೋರಿಸಬೇಕು.

ವಾರದಲ್ಲಿ ಎರಡು ದಿನವಾದರೂ ಕುದುರೆಗೆ ಬಿಡುವು ಬೇಕು. ಜಠರದ ಕೆಳಭಾಗದಲ್ಲಿ ಬರುವ ಹುಣ್ಣಿಗೆ ಎಡೆಬಿಡದ ಕೆಲಸವೂ ಮನಸ್ಸಿನ ಕಳವಳವೂ ಸಂಬಂಧಪಟ್ಟಿವೆ. ಬಿಡುವಿನ ದಿನದಲ್ಲಿ ಲಾಯದಲ್ಲಿಯೇ ಕಟ್ಟಿಹಾಕದೆ ಸುಗ್ಗಿಯಾದ ಬಯಲಿನಲ್ಲಿ, ಬೇರೆ ಕುದುರೆಗಳ ಜೊತೆಯಲ್ಲಿ ಮೇಯಿಸಿದರೆ ಅದಕ್ಕಿಂತ ಅಗ್ಗವಾದ ಔಷಧಿಯು ಬೇರೊಂದಿಲ್ಲ. ಒಂಟಿ ಕುದುರೆಗೆ ಒಂದು ಆಡಾದರೂ ಜೊತೆಯಿರುವುದು ಒಳ್ಳೆಯದು.

ಔಷಧಿ

ಹುಣ್ಣೆಂದು ನಿಶ್ಚಯವಾದ ಮೇಲೆ ಪಶುವೈದ್ಯರು ಸಾಮಾನ್ಯವಾಗಿ ಒಮೆಪ್ರಜೋಲ್ ಎಂಬ ಔಷಧಿಯನ್ನು ಬರೆಯುತ್ತಾರೆ. ಇದು ಆಮ್ಲ ಒಸರುವುದನ್ನೇ ತಗ್ಗಿಸುತ್ತದೆ. ಕುದುರೆಗಳಿಗಾಗಿಯೇ ಸಿದ್ಧಪಡಿಸಿದ ಇದರ ಲೇಹವು ಅಮೆರಿಕದಲ್ಲಿ ೧೯೯೯ರಿಂದ ಬಳಕೆಗೆ ಬಂದಿತು. ಸಾಮಾನ್ಯ ಕ್ರಮವು ದಿನಕ್ಕೊಂದು ಸಲದಂತೆ ೨೮ ದಿನ. ಬೆಳಿಗ್ಗೆ ಮೊದಲನೆಯ ಮೇವಿಗೆ ಮುಂಚೆ ಕೊಟ್ಟು, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಮೇವು ಹಾಕಿದರೆ ಗುಣ ಹೆಚ್ಚು. ಆಮ್ಲವು ಈ ಔಷಧಿಯನ್ನೇ ನಾಶಮಾಡುವುದರಿಂದ ಇದಕ್ಕೆ ರಕ್ಷಣೆಯ ಹೊದಿಕೆ ಬೇಕು. ಮನುಷ್ಯರ ಗುಳಿಗೆಗಳನ್ನು ಅಂಗಡಿಯಿಂದ ತಂದು ಪುಡಿಮಾಡಿ ತಿನ್ನಿಸುವವರು ಆ ಹೊದಿಕೆಯನ್ನು ಪುಡಿಮಾಡಿ ಹಣವನ್ನೂ ಪುಡಿಮಾಡುತ್ತಾರೆ. ಪ್ರಮಾಣವು ಔಷಧಿಯ ಬಗೆಯನ್ನೂ ಕುದುರೆಯ ತೂಕವನ್ನೂ ಅವಲಂಬಿಸಿರುವುದರಿಂದ ವೈದ್ಯರೇ ಅದನ್ನು ಗೊತ್ತುಮಾಡಬೇಕು.

ಮೇಲುಭಾಗದ ಹುಣ್ಣುಗಳು ಈ ಚಿಕಿತ್ಸೆಯಿಂದ ಬಹುಮಟ್ಟಿಗೆ ಮಾಯುತ್ತವೆ. ಕೆಳಭಾಗದವು ಹಟಮಾರಿಗಳು, ಅವುಗಳಿಗೆ ಸುಕ್ರಾಲ್ಫೇಟ್ ಎಂಬ, ಹುಣ್ಣಿನ ಮೇಲೆ ಪಟ್ಟಿಯಂತೆ ಅಂಟುವ ಔಷಧಿಯನ್ನೂ ಕೂಡಿಸಿ ಹೆಚ್ಚು ಕಾಲ ಕೊಡಬೇಕಾಗಬಹುದು. ಈ ಎರಡು ಬಗೆಗಳನ್ನು ಬೇರೆ ಬೇರೆಯಾಗಿಯೇ ಎಣಿಸಬೇಕೆಂದು ೨೦೧೫ರಲ್ಲಿ ಯೂರೋಪಿನ ತಜ್ಞರು ಒಮ್ಮತದಿಂದ ಹೇಳಿದರು. ಕಣ್ಣಿಗೆ ಗುಣ ಕಂಡಿತೆಂದು ಎಂಟು ಹತ್ತು ದಿನಕ್ಕೇ ಔಷಧಿಯನ್ನು ನಿಲ್ಲಿಸಕೂಡದು. ಅಡಿಗೆ ಸೋಡಾದಂಥ ಕ್ಷಾರಗಳಿಂದ ಬರುವ ಶಮನವು ಒಂದೆರಡು ಗಂಟೆಯದು ಮಾತ್ರ. ಅವುಗಳಿಂದ ಹುಣ್ಣು ಮಾಯುವುದಿಲ್ಲ. ಕುಂಟುವಿಕೆಗಾಗಿ ಕೊಡುವ ಫಿನೈಲ್‌ಬ್ಯುಟಜೋನ್ ಮೊದಲಾದ ನೋವಿನ ಔಷಧಿಗಳು ಅಳತೆ ಮೀರಿದರೆ ತಾವೇ ಹುಣ್ಣನ್ನುಂಟುಮಾಡುತ್ತವೆ. ವೈದ್ಯರನ್ನು ಕೇಳದೆ ಅವನ್ನು ಕೊಡಲೂಬಾರದು, ಮುಂದುವರಿಸಲೂಬಾರದು.

ಔಷಧಿಯು ಎಷ್ಟೇ ಒಳ್ಳೆಯದಾದರೂ ಹಳೆಯ ಮೇವಿನ ಕ್ರಮವೇ ಮುಂದುವರಿದರೆ, ಅದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹುಣ್ಣು ಮರಳಿ ಬರುತ್ತದೆ. ತೂತಿನ ಕೊಡಕ್ಕೆ ನೀರು ಸುರಿದಂತೆ ಹಣವು ವೆಚ್ಚವಾಗುತ್ತದೆ. ಮೇವನ್ನು ತಿದ್ದಿಕೊಂಡವನಿಗೆ ಔಷಧಿಯು ಒಂದು ತಿಂಗಳ ಅತಿಥಿ. ತಿದ್ದಿಕೊಳ್ಳದವನ ಮನೆಯಲ್ಲಿ ಅದು ಖಾಯಂ ಸಾಲಗಾರ.

ನೆನಪಿಡತಕ್ಕ ಅಂಶಗಳು

೧. ಹಗಲಾಗಲಿ ರಾತ್ರಿಯಾಗಲಿ ಕುದುರೆಯನ್ನು ಆರು ಗಂಟೆ ಮೇವಿಲ್ಲದೆ ಬಿಡಕೂಡದು.

೨. ಮೊದಲು ನಾರುಮೇವು, ಆಮೇಲೆ ಕಾಳು. ಕಾಳು ಅಳತೆಯಲ್ಲಿ, ಸಣ್ಣ ಪಾಲುಗಳಲ್ಲಿ.

೩. ಕಣಕಿಯೊಂದನ್ನೇ ನಂಬದೆ ದ್ವಿದಳ ಮೇವನ್ನು ಬೆರೆಸಬೇಕು; ಸಾಧ್ಯವಿದ್ದವರು ಕುದುರೆಮಸಾಲೆಯನ್ನು ಬೆಳೆಸಬೇಕು.

೪. ಬರಿಹೊಟ್ಟೆಯಲ್ಲಿ ಓಡಿಸಕೂಡದು, ನೀರನ್ನು ತಡೆಯಕೂಡದು, ವಾರಕ್ಕೆ ಎರಡು ದಿನ ಬಿಡುವು.

೫. ಹಲ್ಲು, ಹುಳು, ಜೀನು ನೋಡಿಸಿ, ಸಂದೇಹ ನಿಂತರೆ ಪಶುವೈದ್ಯರಲ್ಲಿಗೆ ಹೋಗಬೇಕು.

ಇಷ್ಟನ್ನು ನಡೆಸಲು ಹೆಚ್ಚಿನ ಹಣ ಬೇಕಿಲ್ಲ. ಕಣದಲ್ಲಿ ಉಳಿದ ಹೊಟ್ಟು, ಬದುವಿನ ಹುಲ್ಲು, ಒಂದು ಬಲೆ, ಒಂದು ಬಾನಿ, ಮಲಗುವ ಮುನ್ನ ಲಾಯಕ್ಕೊಮ್ಮೆ ಹೋಗಿಬರುವ ಅಭ್ಯಾಸ, ಇಷ್ಟೇ ಸಾಕು. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬಂದ ಕುದುರೆಯ ಮೇಲೆ ಕೈಯೆತ್ತುವ ಮೊದಲು, ಅದು ಕೊನೆಯ ಸಲ ಮೇವು ತಿಂದದ್ದು ಎಷ್ಟು ಹೊತ್ತಿನಲ್ಲಿ ಎಂಬುದನ್ನು ಒಡೆಯನು ನೆನೆಯಬೇಕು. ಕುದುರೆಗೆ ಮಾತಿಲ್ಲ, ನೋವನ್ನು ಹೇಳಿಕೊಳ್ಳಲು ಅದಕ್ಕೆ ಇರತಕ್ಕದ್ದು ಹಲ್ಲೂ ಗೊರಸೂ ಮಾತ್ರ.